ಎರೆಭೂತ ನಮ್ಮ ಕಡೆ ಇತ್ತಾ? ಗಾಯರಾಣದಲ್ಲಿ ಸಸಿ ಹಚ್ಚೋದು ಬೇಡ ಅಂತಾರೆ, ಯಾಕೆ?

ಡೋಣಿಸಾಲಿನ_ಹುಡುಗ

ಎಲ್ಲರಿಗೂ ನಮಸ್ಕಾರ ರೀ. ನಮ್ಮೂರು ವಿಜಯಪುರ ಜಿಲ್ಲೆ, ಡೋಣಿ ಸಾಲಿನಲ್ಲಿ ಬರುತ್ತದೆ. ಊರಿನ ಪಡುವಣ ದಿಕ್ಕಿಗೆ ದೊಡ್ಡ ಮಡ್ಡಿ ಇದೆ, ಗಾಯರಾಣ ಜಮೀನು, ಅಂದರೆ ಊರಿನ ಗೋಮಾಳ. ಕುರಿ, ದನ ಮೇಯುತ್ತವೆ. ಮಳೆ ಬಿದ್ದರೆ ಮೊಣಕಾಲುದ್ದ ಹುಲ್ಲು, ಬೇಸಿಗೆಯಲ್ಲಿ ಒಣಗಿದ ನೆಲ, ಅಲ್ಲಲ್ಲಿ ಒಂದೊಂದು ಬಾರಿ ಗಿಡ. ಅಷ್ಟೇ.

ಈ ಮಳೆಗಾಲಕ್ಕೆ ನಮ್ಮ ಯುವಕ ಮಂಡಳದವರು ಅಲ್ಲಿ ಪೂರ್ತಿ ಸಸಿ ಹಚ್ಚೋಣ ಅಂತ ಮಾತಾಡಿಕೊಂಡಿದ್ದೇವೆ. ಸಸಿ ಸಿಗುತ್ತವೆ, ಗುಂಡಿ ತೆಗೆಯೋಕೆ ಹುಡುಗರೂ ತಯಾರಿದ್ದಾರೆ. ಆದರೆ ನಮ್ಮ ಅಜ್ಜ ಬೇಡ ಅಂತಿದ್ದಾರೆ. ಅವರು ಹುಡುಗರಿದ್ದಾಗ ಆ ಮಡ್ಡಿ ಮೇಲೆ, ಅದಕ್ಕೆ ಹೊಂದಿದ ಜೋಳದ ಹೊಲದಲ್ಲಿ ಎರೆಭೂತ ಅಡ್ಡಾಡುತ್ತಿದ್ದವಂತೆ. ಮೇಕೆ ಮರಿಯಷ್ಟು ತೂಕದ ಹಕ್ಕಿ, ಕುತ್ತಿಗೆ ಬೆಳ್ಳಗೆ, ತಲೆ ಮೇಲೆ ಕರಿ ಟೋಪಿ ಇಟ್ಟ ಹಾಗೆ, ಮನುಷ್ಯನನ್ನು ದೂರದಿಂದಲೇ ನೋಡಿ ಸರಸರ ನಡೆದು ಹೋಗುತ್ತಿತ್ತು ಅಂತಾರೆ. "ಗಿಡ ಹಚ್ಚಿದರೆ ಅದು ಬರೋದಿಲ್ಲ" ಅನ್ನೋದು ಅವರ ಮಾತು. ಆ ಹಕ್ಕಿ ಕೊನೆಯ ಸಲ ಕಂಡು ಎಷ್ಟೋ ದಶಕ ಆಗಿದೆ, ಆದರೂ ಹಾಗೆ ಹೇಳುತ್ತಾರೆ.

ನನ್ನ ಪ್ರಶ್ನೆ ಇಷ್ಟು. ರಾಜಸ್ಥಾನದ ಮರುಭೂಮಿಯಲ್ಲಿ ಗೋಡಾವಣ ಅಂತ ಒಂದು ಹಕ್ಕಿ ಇದೆಯಲ್ಲ, ಟಿವಿಯಲ್ಲಿ ತೋರಿಸುತ್ತಾರೆ, ಅದೂ ಇದೂ ಒಂದೇನಾ? ಮರುಭೂಮಿ ಹಕ್ಕಿ ನಮ್ಮ ಎರೆ ನೆಲದಲ್ಲಿ ಏನು ಮಾಡುತ್ತಿತ್ತು? ಈಗ ಎಷ್ಟು ಉಳಿದಿವೆ? ಗಿಡ ಹಚ್ಚಿದರೆ ನಿಜವಾಗಿ ತೊಂದರೆನಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ಮಂಡಳದಲ್ಲಿ ಜಗಳ ಹತ್ತುವ ಮೊದಲು ನನಗೆ ವಿಷಯ ಗೊತ್ತಿರಬೇಕು.

ಬಯಲಿನ_ಮೇಷ್ಟ್ರು

ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ನಿಮ್ಮ ಅಜ್ಜ ಹೇಳಿದ ಗುರುತು ಒಂದೂ ತಪ್ಪಿಲ್ಲ. ಕರಿ ಟೋಪಿ, ಬಿಳಿ ಕುತ್ತಿಗೆ, ನಡೆದೇ ದೂರ ಹೋಗುವ ಸ್ವಭಾವ. ಅದು ಗ್ರೇಟ್ ಇಂಡಿಯನ್ ಬಸ್ಟರ್ಡ್. ರಾಜಸ್ಥಾನದ ಗೋಡಾವಣ, ಮಹಾರಾಷ್ಟ್ರದವರ ಮಾಳಢೋಕ, ನಮ್ಮ ಎರೆಭೂತ ಎಲ್ಲ ಒಂದೇ ಹಕ್ಕಿ.

ಅದನ್ನು ಮರುಭೂಮಿ ಹಕ್ಕಿ ಅಂತ ಕರೆಯೋದು ಅದು ಈಗ ಉಳಿದಿರುವ ಜಾಗ ನೋಡಿ. ಮೊದಲು ಪಂಜಾಬಿನಿಂದ ತಮಿಳುನಾಡಿನ ತನಕ ಇತ್ತು. ತನ್ನ ಹಳೆಯ ನೆಲೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಳೆದುಕೊಂಡಿದೆ. ಅದಕ್ಕೆ ಬೇಕಾದ್ದು ಮರಳಲ್ಲ ರೀ. ಬಯಲು ಬೇಕು. ಒಣ ಹವೆ, ಸಪಾಟು ನೆಲ, ಗಿಡ್ಡ ಹುಲ್ಲು, ನಾಲ್ಕೂ ದಿಕ್ಕಿಗೆ ಕಣ್ಣು ಹಾಯುವಷ್ಟು ತೆರಪು. ಥಾರ್‌ನಲ್ಲಿ ಅದು ಸೇವಣ ಹುಲ್ಲಿನ ಬಯಲಿನಲ್ಲಿ ಸಿಗುತ್ತದೆ, ದಖ್ಖನ್ ಸೀಮೆಯಲ್ಲಿ ಮಡ್ಡಿ ಮತ್ತು ಎರೆ ಹೊಲದಲ್ಲಿ ಸಿಗುತ್ತಿತ್ತು. ಥಾರ್‌ನ ಚಿಂಕಾರ, ಅಂದರೆ ಬಯಲಿನ ಸಣ್ಣ ಜಿಂಕೆ, ನಮ್ಮಲ್ಲೂ ಇದೆ, ಅಲ್ವಾ? ಬೀಳಗಿ, ಮುಧೋಳದ ನಡುವಿನ ಯಡಹಳ್ಳಿ 2016ರಲ್ಲಿ ಚಿಂಕಾರ ವನ್ಯಧಾಮ ಆಯಿತು. ಎರೆಭೂತವೂ ಅದೇ ಬಳಗದ್ದು.

ಈಗ ಅದರ ಬದುಕು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕಂದರೆ ನಿಮ್ಮ ಗಿಡದ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಗಂಡು ಹಕ್ಕಿ ಹತ್ತಿರ ಹತ್ತಿರ 15 ಕಿಲೋ ತೂಗಬಹುದು. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಪ್ರಪಂಚದಲ್ಲೇ ಕಡಿಮೆ. ಹೆಣ್ಣು ಅದರ ಅರ್ಧದಷ್ಟು. ಬೇಸಿಗೆ ಮತ್ತು ಮಳೆಗಾಲದಲ್ಲಿ ಗಂಡು ಸ್ವಲ್ಪ ಎತ್ತರದ, ಬರಿದಾದ ಜಾಗ ಹಿಡಿದು ನಿಲ್ಲುತ್ತದೆ. ಕೊರಳಿನ ಚೀಲ ಉಬ್ಬಿಸಿ ಜೋತಾಡಿಸುತ್ತದೆ, ಬಾಲ ಮೇಲೆತ್ತಿ ಗುಂ ಅಂತ ದನಿ ಹೊರಡಿಸುತ್ತದೆ. ಈ ಆಟ ಪೂರ್ತಿ ದೂರದ ಹೆಣ್ಣು ನೋಡಲಿ, ಕೇಳಲಿ ಅಂತ. ಮಧ್ಯೆ ಮರದ ಸಾಲು ಬಂದರೆ ನೋಡೋದು ಹೇಗೆ? ಹೆಣ್ಣು ಗೂಡು ಕಟ್ಟೋದಿಲ್ಲ, ಬರೀ ನೆಲದ ಮೇಲೆ ಒಂದು ಮೊಟ್ಟೆ ಇಡುತ್ತದೆ. ಎರಡು ಇಡೋದು ಅಪರೂಪ. ಸುಮಾರು 27 ದಿನ ಒಬ್ಬಳೇ ಕಾವು ಕೊಡುತ್ತಾಳೆ, ಗಂಡು ಹತ್ತಿರ ಸುಳಿಯೋದಿಲ್ಲ. ಹುಟ್ಟಿದ ಮರಿ ತಿಂಗಳುಗಟ್ಟಲೆ ತಾಯಿ ಬೆನ್ನು ಬಿಡೋದಿಲ್ಲ.

ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗೆ ಇರುವ ಒಂದೇ ರಕ್ಷಣೆ ಅಂದರೆ ನರಿ, ನಾಯಿ, ತೋಳ ಬರೋದನ್ನು ದೂರದಿಂದ ನೋಡೋದು. ಗಿಡ ದಟ್ಟ ಆದರೆ ಆ ಕಣ್ಣು ಕುರುಡಾಗುತ್ತದೆ. ಮರದ ಮೇಲೆ ಕೂತ ಕಾಗೆ, ಹದ್ದುಗಳಿಗೆ ಮೊಟ್ಟೆ ಹುಡುಕೋದು ಸುಲಭ ಆಗುತ್ತದೆ. ಅದಕ್ಕೇ ಗಿಡ ಬೆಳೆಸಿದ ಬಯಲನ್ನು ಈ ಹಕ್ಕಿ ಬಿಟ್ಟು ಹೋಗುತ್ತದೆ.

ಎಷ್ಟು ಉಳಿದಿವೆ ಅಂದ್ರಲ್ಲ. 1969ರಲ್ಲಿ ದೇಶದಲ್ಲಿ ಸುಮಾರು 1,260 ಇರಬಹುದು ಅಂತ ಅಂದಾಜು ಮಾಡಿದ್ದರು. 2008ರ ಹೊತ್ತಿಗೆ ಸುಮಾರು 300. ಈಗ ಬಯಲಿನಲ್ಲಿ ಸ್ವತಂತ್ರವಾಗಿ ಇರೋದು 150ಕ್ಕಿಂತ ಕಡಿಮೆ, ಅದರಲ್ಲಿ ಬಹುತೇಕ ಎಲ್ಲ ಜೈಸಲ್ಮೇರ್ ಸುತ್ತಮುತ್ತ. ಗುಜರಾತಿನ ಕಚ್ಛ್‌ನಲ್ಲಿ ಕೆಲವು ಹೆಣ್ಣು ಮಾತ್ರ ಇವೆ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. 2011ರಿಂದ ಇದು ಅಳಿವಿನ ಅಂಚಿಗೆ ಬಂದ ಹಕ್ಕಿಗಳ ಕೆಂಪು ಪಟ್ಟಿಯಲ್ಲಿ, ಅದೂ ಕೊನೆಯ ಮೆಟ್ಟಿಲಲ್ಲಿದೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲ್‌ನಲ್ಲಿದೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಕಾಗದದ ಮೇಲೆ.

ಎರೆಹೊಲದ_ರೈತ

ಮೇಷ್ಟ್ರು ಹೇಳಿದ್ದು ಸರಿ. ಆದರೆ ಗಿಡ ಒಂದೇ ಕಾರಣ ಅಲ್ಲ, ಇನ್ನೊಂದು ಕಾರಣ ನಾವೇ ರೈತರು. ಇದನ್ನು ಯಾರನ್ನೂ ಬಯ್ಯೋಕೆ ಹೇಳುತ್ತಿಲ್ಲ.

ನಮ್ಮಪ್ಪನ ಕಾಲಕ್ಕೆ ಇಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿ, ಅಲ್ಲಲ್ಲಿ ಅಗಸಿ. ವರ್ಷಕ್ಕೆ ಒಂದೇ ಬೆಳೆ. ಸುಗ್ಗಿ ಆದ ಮೇಲೆ ಮುಂದಿನ ಬಿತ್ತನೆ ತನಕ ಹೊಲ ಖಾಲಿ, ಕುರಿ ತರುಬುತ್ತಿದ್ದರು. ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆಯೋದು ಅಂದರೆ ಯಾರಿಗೂ ಗೊತ್ತಿರಲಿಲ್ಲ. ಮಿಡತೆ, ಜೀರುಂಡೆ, ಹೊಲದ ಇಲಿ, ಓತಿಕ್ಯಾತ, ಉದುರಿದ ಕಾಳು, ಬಾರಿ ಹಣ್ಣು, ಎಲ್ಲ ಇತ್ತು. ಈ ಹಕ್ಕಿಯ ಊಟವೂ ಅದೇ ಅಲ್ವಾ? ಹೊಲಕ್ಕೂ ಹಕ್ಕಿಗೂ ಜಗಳ ಇರಲಿಲ್ಲ.

ಆಮೇಲೆ ನೀರು ಬಂತು. ಆಲಮಟ್ಟಿ ಆಯಿತು, ಮುಳವಾಡ ಏತ ನೀರಾವರಿ ಬಂತು, ತುಬಚಿ ಬಬಲೇಶ್ವರ ಬಂತು. ಬೋರ್ ಹೊಡೆಸಿದವರು ದ್ರಾಕ್ಷಿ, ದಾಳಿಂಬೆ ಹಾಕಿದರು, ಇಂಡಿ ಕಡೆ ಲಿಂಬೆ, ನದಿ ಕಡೆ ಕಬ್ಬು. ಬರಗಾಲದಲ್ಲಿ ಗುಳೆ ಹೋಗಿ ಬಂದ ಜನ ನಾವು, ನೀರು ಬೇಡ ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ. ಆದರೆ ಹನ್ನೆರಡು ತಿಂಗಳೂ ಹಸಿರಾದ ಹೊಲ, ಎತ್ತರದ ಕಬ್ಬು, ತಂತಿ ಬೇಲಿ, ವಾರಕ್ಕೊಂದು ಸಲ ಔಷಧ, ಇದರಲ್ಲಿ ಆ ಹಕ್ಕಿ ಬಾಳೋಕೆ ಆಗೋದಿಲ್ಲ ಅನ್ನೋದೂ ಸತ್ಯ. ರಾಜಸ್ಥಾನದಲ್ಲೂ ಇಂದಿರಾ ಗಾಂಧಿ ಕಾಲುವೆ ಹೋದ ಕಡೆ ಹೀಗೇ ಆಗಿದೆ. ಹುಲ್ಲುಗಾವಲು ಹೋಗಿ ನೀರಾವರಿ ಹೊಲ ಆಯಿತು.

ನಾನು ಹೇಳೋದು ಇಷ್ಟೇ ತಮ್ಮ. ನಮ್ಮ ಸ್ವಂತ ಹೊಲದಲ್ಲಿ ಬಯಲು ಉಳಿಸಿ ಅಂತ ಯಾರೂ ಕೇಳೋಕೆ ಆಗೋದಿಲ್ಲ. ಇನ್ನು ಬಯಲು ಉಳಿದಿರೋದು ಗಾಯರಾಣದಲ್ಲಿ, ಮಡ್ಡಿಯಲ್ಲಿ ಮಾತ್ರ. ಅದನ್ನೂ ಗಿಡ ಹಚ್ಚಿ ಮುಚ್ಚಿದರೆ ಏನೂ ಉಳಿಯೋದಿಲ್ಲ. ಕುರಿಯವರಿಗೂ ಉಳಿಯೋದಿಲ್ಲ, ಹಕ್ಕಿಗೂ ಉಳಿಯೋದಿಲ್ಲ.

ನೆರಳು_ಬೇಕು

ಕ್ಷಮಿಸಿ, ನನಗೆ ಈ ವಾದ ಪೂರ್ತಿ ಒಪ್ಪಿಗೆ ಆಗುತ್ತಿಲ್ಲ. ನಮ್ಮ ಜಿಲ್ಲೆಯ ಬಿಸಿಲು ನಿಮಗೆ ಗೊತ್ತು. ಏಪ್ರಿಲ್, ಮೇನಲ್ಲಿ ಹೊರಗೆ ಕಾಲಿಡೋಕೆ ಆಗೋದಿಲ್ಲ. ರಾಜ್ಯದಲ್ಲಿ ಅರಣ್ಯ ತೀರಾ ಕಡಿಮೆ ಇರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಕೋಟಿ ವೃಕ್ಷ ಅಭಿಯಾನ ಶುರುವಾದ ಮೇಲೆ ಜನರಲ್ಲಿ ಗಿಡದ ಮೇಲೆ ಪ್ರೀತಿ ಬಂದಿದೆ, ಮಕ್ಕಳು ನೀರು ಹಾಕುತ್ತಾರೆ. ಈಗ ಇಲ್ಲದೇ ಇರುವ ಒಂದು ಹಕ್ಕಿಗೋಸ್ಕರ ಗಿಡ ಹಚ್ಚಬೇಡಿ ಅಂದರೆ ಆ ಉತ್ಸಾಹ ಹಾಳಾಗುತ್ತದೆ. ಹಕ್ಕಿ ಬರುವ ಭರವಸೆ ಯಾರು ಕೊಡುತ್ತಾರೆ? ಗಿಡ ಹಚ್ಚಿದರೆ ನೆರಳು ಬರೋದಂತೂ ಖಾತ್ರಿ.

ಬಯಲಿನ_ಮೇಷ್ಟ್ರು

ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ನೆರಳು ಬೇಕು, ನಾನೂ ಶಾಲೆಯಲ್ಲಿ ಮಕ್ಕಳ ಕೈಲಿ ಗಿಡ ಹಚ್ಚಿಸುತ್ತೇನೆ. ಆದರೆ ನೆರಳು ಯಾರಿಗೆ, ಎಲ್ಲಿ ಬೇಕು ಅಂತ ನೋಡಬೇಕು. ಬಸ್ ನಿಲ್ದಾಣ, ಶಾಲೆ, ಸಂತೆ ಮೈದಾನ, ರಸ್ತೆಯ ಎರಡೂ ಬದಿ, ಕೆರೆ ಏರಿ, ಮನೆ ಅಂಗಳ, ಹೊಲದ ಬದು. ಅಲ್ಲೆಲ್ಲ ಬೇವು, ಹುಣಸೆ, ಆಲ, ಬನ್ನಿ ಬೆಳೆಸಿ. ಅಷ್ಟು ಜಾಗ ತುಂಬಿದ ಊರು ನಮ್ಮ ಜಿಲ್ಲೆಗಳಲ್ಲಿ ನಾನು ಇನ್ನೂ ನೋಡಿಲ್ಲ. ಊರಿಂದ ಎರಡು ಮೈಲಿ ದೂರದ ಮಡ್ಡಿಯಲ್ಲಿ ಯಾರಿಗೆ ನೆರಳು?

ಇನ್ನೊಂದು ಮಾತು. ಹುಲ್ಲುಗಾವಲು ಅಂದರೆ ಕಾಡು ಹಾಳಾಗಿ ಉಳಿದ ಜಾಗ ಅಂತ ನಾವೆಲ್ಲ ತಿಳಿದುಕೊಂಡುಬಿಟ್ಟಿದ್ದೇವೆ. ಸರ್ಕಾರದ ಲೆಕ್ಕದಲ್ಲೂ ಇಂಥ ನೆಲ ಎಷ್ಟೋ ಕಡೆ ಬೀಳು ಭೂಮಿ, ಪಡ ಅಂತಲೇ ಬರೆದಿರುತ್ತದೆ. ಬೀಳು ಅಂತ ಬರೆದರೆ ಅದನ್ನು ಯಾರಿಗೆ ಬೇಕಾದರೂ ಕೊಡಬಹುದು, ಏನು ಬೇಕಾದರೂ ಮಾಡಬಹುದು. ಆದರೆ ಅದು ಬೀಳಲ್ಲ. ಮಳೆ ಕಡಿಮೆ, ಮಣ್ಣು ತೆಳು, ಬೇಸಿಗೆ ಉದ್ದ. ಇಂಥ ಕಡೆ ಹುಲ್ಲೇ ಆ ನೆಲದ ಸಹಜ ಬೆಳೆ. ಹುಲ್ಲಿನ ಬೇರು ಮಣ್ಣು ಹಿಡಿಯುತ್ತದೆ, ನೀರು ಇಂಗಿಸುತ್ತದೆ, ಇಂಗಾಲವನ್ನೂ ನೆಲದೊಳಗೇ ಕೂಡಿಡುತ್ತದೆ.

ರಾಣೆಬೆನ್ನೂರಿನ ಉದಾಹರಣೆ ನೋಡಿ, ನನಗೆ ಅದು ನೆನಪಾದಾಗಲೆಲ್ಲ ಸಂಕಟ ಆಗುತ್ತದೆ. ಅಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆ ಅಂತ ವನ್ಯಧಾಮ ಮಾಡಿದರು. ಎರೆಭೂತವೂ ಆ ಬಯಲಿನಲ್ಲಿತ್ತು. ಆದರೆ ಬಯಲಿನ ದೊಡ್ಡ ಭಾಗಕ್ಕೆ ನೀಲಗಿರಿ ನೆಟ್ಟಿದ್ದರು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಇವತ್ತಿಗೂ ಇದೆ. ಎರೆಭೂತ ಹೋಯಿತು. ಯಾರೂ ಗುಂಡು ಹೊಡೆದು ಓಡಿಸಲಿಲ್ಲ, ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡೇ ಗಿಡ ನೆಟ್ಟರು.

ಮತ್ತೆ "ಈಗ ಇಲ್ಲದ ಹಕ್ಕಿ" ಅಂದ್ರಿ. ಎರೆಭೂತ ಇಲ್ಲ, ಸರಿ. ಆದರೆ ಆ ಮಡ್ಡಿಯಲ್ಲಿ ಇವತ್ತು ಇರುವವರೂ ಇದ್ದಾರಲ್ಲ! ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿಗಳು ಬರುತ್ತವೆ, ಹಗಲೆಲ್ಲ ಹೊಲದ ಮೇಲೆ ತಗ್ಗಿ ಹಾರಿ ಮಿಡತೆ ಹಿಡಿಯುತ್ತವೆ. ರಾತ್ರಿ ಮರದ ಮೇಲೆ ಮಲಗೋದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಸ್ಯಾಂಡ್‌ಗ್ರೌಸ್ ಇವೆ, ನೆಲದ ಬಣ್ಣದ್ದೇ ಹಕ್ಕಿ. ಗಂಡು ಹಕ್ಕಿ ನೀರಿಗೆ ಇಳಿದು ಹೊಟ್ಟೆಯ ಪುಕ್ಕದಲ್ಲಿ ನೀರು ಹೀರಿಕೊಂಡು ಹಾರಿ ಹೋಗಿ ಮರಿಗೆ ಕುಡಿಸುತ್ತದೆ. ತೋಳ, ನರಿ ಇವೆ, ಕುರಿಯವರನ್ನು ಕೇಳಿ ಹೇಳುತ್ತಾರೆ. ಇವಕ್ಕೆಲ್ಲ ಬೇಕಾದ್ದು ಆ ಹುಲ್ಲಿನ ಬಯಲೇ.

ಲೈನ್_ಕೆಲಸದವ

ನಾನು ಗಾಳಿಯಿಂದ ಕರೆಂಟ್ ಮಾಡುವ ಗಾಳಿ ಫ್ಯಾನ್ ಹಾಕುವ ಕೆಲಸದಲ್ಲಿ ಗುತ್ತಿಗೆ ಮೇಲೆ ದುಡಿಯುತ್ತೇನೆ. ಈ ಹಕ್ಕಿ ವಿಷಯ ಬಂದಾಗ ಕರೆಂಟ್ ತಂತಿ ಬಗ್ಗೆ ಯಾರಾದರೂ ಹೇಳುತ್ತಾರೆ ಅಂತ ಕಾಯುತ್ತಿದ್ದೆ.

ಜೈಸಲ್ಮೇರ್ ಕಡೆ ಈಗ ಇದರ ದೊಡ್ಡ ಸಾವು ಅಂದರೆ ಹೈಟೆನ್ಷನ್ ತಂತಿ. ಎರೆಭೂತದ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಪಕ್ಕದ್ದು ಚೆನ್ನಾಗಿ ಕಾಣುತ್ತದೆ, ಎದುರಿಗೆ ನೋಟ ಕಡಿಮೆ. ಹಾರುವಾಗ ನೆಲ ನೋಡೋಕೆ ತಲೆ ಬಗ್ಗಿಸಿದರೆ ಮುಂದಿನದು ಕಾಣೋದೇ ಇಲ್ಲ. ತಂತಿ ಕಂಡ ಮೇಲೂ ಆ ತೂಕದ ಮೈ ಥಟ್ಟನೆ ತಿರುಗೋದಿಲ್ಲ. ಬಡಿದು ಬೀಳುತ್ತದೆ. ಭಾರತೀಯ ವನ್ಯಜೀವಿ ಸಂಸ್ಥೆಯವರು ಥಾರ್‌ನಲ್ಲಿ ಸಮೀಕ್ಷೆ ಮಾಡಿ, ಅಲ್ಲಿ ಎಲ್ಲ ಜಾತಿ ಸೇರಿ ವರ್ಷಕ್ಕೆ ಸುಮಾರು 84 ಸಾವಿರ ಹಕ್ಕಿ ತಂತಿಗೆ ಬಡಿದು ಸಾಯುತ್ತವೆ ಅಂತ ಅಂದಾಜಿಸಿದರು. ಅದರಲ್ಲಿ ಎರೆಭೂತ 18. ಇರೋದೇ ನೂರಿಪ್ಪತ್ತು ಚಿಲ್ಲರೆ, ವರ್ಷಕ್ಕೊಂದೇ ಮೊಟ್ಟೆ, ಅದರಲ್ಲಿ ಹದಿನೆಂಟು ಹೋದರೆ ಲೆಕ್ಕ ನೀವೇ ಹಾಕಿ.

2019ರಲ್ಲಿ ನಿವೃತ್ತ ಅಧಿಕಾರಿ ಎಂ.ಕೆ. ರಂಜಿತ್‌ಸಿನ್ಹ್ ಅವರು ಸುಪ್ರೀಂ ಕೋರ್ಟಿಗೆ ಹೋದರು. 2021ರ ಏಪ್ರಿಲ್‌ನಲ್ಲಿ ಕೋರ್ಟು ತಂತಿಗಳನ್ನು ನೆಲದಡಿ ಹಾಕಿ, ಆಗದ ಕಡೆ ಹಕ್ಕಿಗೆ ಕಾಣುವ ಹಾಗೆ ಡೈವರ್ಟರ್ ಕಟ್ಟಿ ಅಂತ ಹೇಳಿತು. ಆದರೆ ಆ ಆದೇಶ ಅನ್ವಯಿಸುವ ಸೀಮೆ ಸೋಲಾರ್, ವಿಂಡ್ ಕಂಪನಿಗಳಿಗೆ ದೊಡ್ಡ ಜಾಗ, ಸುಮಾರು 99 ಸಾವಿರ ಚದರ ಕಿಲೋಮೀಟರ್. ಇಷ್ಟೂ ಕಡೆ ನೆಲದಡಿ ಹಾಕೋದು ಆಗದ ಕೆಲಸ ಅಂತ ಸರ್ಕಾರ ಹೇಳಿತು. 2024ರ ಮಾರ್ಚ್‌ನಲ್ಲಿ ಕೋರ್ಟು ಆ ಆದೇಶ ಸಡಿಲಿಸಿ, ಎಲ್ಲಿ ಏನು ಮಾಡಬೇಕು ಅಂತ ನೋಡೋಕೆ ಪರಿಣತರ ಸಮಿತಿ ಮಾಡಿತು.

ಡೈವರ್ಟರ್ ಅಂದರೆ ತಂತಿಗೆ ನೇತು ಹಾಕುವ ಬಿಲ್ಲೆ, ಗಾಳಿಗೆ ತಿರುಗುತ್ತದೆ, ಹೊಳೆಯುತ್ತದೆ. ಸ್ವಲ್ಪ ಉಪಯೋಗ ಆಗುತ್ತದೆ, ಪೂರ್ತಿ ಅಲ್ಲ. ಕಟ್ಟೋದಕ್ಕಿಂತ ಅದನ್ನು ನೋಡಿಕೊಳ್ಳೋದೇ ಕಷ್ಟ. ಗಾಳಿ ಜೋರಾದರೆ ಉದುರುತ್ತವೆ, ಮತ್ತೆ ಯಾರು ಹತ್ತಿ ಕಟ್ಟಬೇಕು?

ನಮ್ಮ ಕಡೆಯದ್ದು ಹೇಳುವುದಾದರೆ, ಕೂಡಗಿ ಉಷ್ಣ ಸ್ಥಾವರದಿಂದ ಹೊರಟ ಟವರ್ ಸಾಲುಗಳು, ಬಸವನಬಾಗೇವಾಡಿ ಕಡೆ ಗಾಳಿ ಫ್ಯಾನ್‌ಗಳು, ಅಲ್ಲಿಂದ ಸಬ್‌ಸ್ಟೇಷನ್‌ಗೆ ಹೋಗುವ ತಂತಿಗಳು ಎಲ್ಲ ಬಯಲಿನ ಮೇಲೇ ಹೋಗಿವೆ. ಇದು ನನ್ನ ಅನ್ನದ ಕೆಲಸ, ನಾನು ಅದನ್ನು ಬೇಡ ಅನ್ನೋದಿಲ್ಲ. ಕಲ್ಲಿದ್ದಲಿಗಿಂತ ಗಾಳಿ ಒಳ್ಳೆಯದೇ. ಆದರೆ ಲೈನ್ ಎಲ್ಲಿ ಎಳೆಯಬೇಕು ಅಂತ ನಕ್ಷೆ ಮಾಡುವಾಗ ಊರು, ರಸ್ತೆ, ಗುಡಿ ಎಲ್ಲ ನೋಡುತ್ತಾರೆ, ಹುಲ್ಲುಗಾವಲನ್ನು ಯಾರೂ ಗುರುತು ಹಾಕೋದಿಲ್ಲ. ಖಾಲಿ ಜಾಗ ಅಂತ ಎಳೆದುಬಿಡುತ್ತಾರೆ. ನಿಮ್ಮ ಮಡ್ಡಿಗೂ ಒಂದು ದಿನ ಯಾರಾದರೂ ನಕ್ಷೆ ಹಿಡಿದು ಬರಬಹುದು. ಗಿಡದ ವಿಷಯಕ್ಕಿಂತ ಅದರ ಮೇಲೆ ಜಾಸ್ತಿ ಕಣ್ಣಿಡಿ ಅಂತ ನನ್ನ ಸಲಹೆ.

ಡೋಣಿಸಾಲಿನ_ಹುಡುಗ

ಎಲ್ಲರಿಗೂ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂತ ನಿರೀಕ್ಷೆ ಇರಲಿಲ್ಲ. ಅಜ್ಜನಿಗೆ ಓದಿ ಹೇಳಿದೆ. ಗಂಡು ಹಕ್ಕಿ ಕೊರಳು ಉಬ್ಬಿಸೋದನ್ನು ಕೇಳಿದಾಗ "ಹೌದು, ಮುಂಗಾರಿ ಹೊತ್ತಿಗೆ ಬೆಳಗಿನ ಜಾವ ಆ ದನಿ ಕೇಳಿಸುತ್ತಿತ್ತು" ಅಂದರು.

ಇನ್ನೊಂದು ಕೇಳಬೇಕು. ರಾಜಸ್ಥಾನದಲ್ಲಿ ಮರಿ ಮಾಡಿಸುವ ಕೇಂದ್ರ ಇದೆ ಅಂತ ಓದಿದೆ. ಅಲ್ಲಿ ಬೆಳೆದ ಹಕ್ಕಿಗಳನ್ನು ಮುಂದೆ ನಮ್ಮ ಕಡೆ ತಂದು ಬಿಡಬಹುದಾ?

ಜೋಧಪುರದ_ಬೆಳಗಾವಿಯವಳು

ನಾನು ಬೆಳಗಾವಿಯವಳು, ಮನೆಯವರ ಕೆಲಸದ ನಿಮಿತ್ತ ಜೋಧಪುರದಲ್ಲಿದ್ದೇನೆ. ಜೈಸಲ್ಮೇರ್ ಕಡೆ ಹೋಗಿ ಬಂದು ಮಾಡುತ್ತಿರುತ್ತೇವೆ, ಹಾಗಾಗಿ ಈ ವಿಷಯ ಸ್ವಲ್ಪ ಹತ್ತಿರದಿಂದ ನೋಡಿದ್ದೇನೆ.

ಎರಡು ಕೇಂದ್ರಗಳಿವೆ. ಒಂದು ಸಮ್ ಅನ್ನೋ ಊರಿನಲ್ಲಿ, 2019ರಲ್ಲಿ ಶುರುವಾಯಿತು. ಇನ್ನೊಂದು ರಾಮದೇವರಾದಲ್ಲಿ, 2022ರಲ್ಲಿ. ಕೇಂದ್ರ ಸರ್ಕಾರ, ರಾಜಸ್ಥಾನ ಸರ್ಕಾರ, ಭಾರತೀಯ ವನ್ಯಜೀವಿ ಸಂಸ್ಥೆ ಸೇರಿ ನಡೆಸುತ್ತಿವೆ, ಇದೇ ಬಳಗದ ಹೌಬಾರಾ ಅನ್ನೋ ಹಕ್ಕಿಯನ್ನು ಉಳಿಸುವ ಅಬುಧಾಬಿಯ ಸಂಸ್ಥೆ ತಾಂತ್ರಿಕ ಸಹಾಯ ಮಾಡುತ್ತಿದೆ. ಮೊದಲು ಬಯಲಿನಲ್ಲಿ ಸಿಕ್ಕ ಮೊಟ್ಟೆ ತಂದು ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿದರು. ಆ ಮರಿಗಳು ದೊಡ್ಡವಾಗೋಕೆ ವರ್ಷಗಳೇ ಬೇಕು, ಕೋಳಿ ಫಾರಂ ಥರ ಅಲ್ಲ. 2023ರಲ್ಲಿ ಕೇಂದ್ರದಲ್ಲೇ ಬೆಳೆದ ಹಕ್ಕಿಗಳ ಜೋಡಿಗೆ ಮರಿ ಹುಟ್ಟಿತು. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಬಂತು. ರಾಮದೇವರಾದ ಗಂಡು, ಸಮ್‌ನ ಹೆಣ್ಣು. 2025ರಲ್ಲಿ ಎರಡೂ ಕೇಂದ್ರ ಸೇರಿ ಹಕ್ಕಿಗಳ ಸಂಖ್ಯೆ 60 ದಾಟಿದೆ. ಈ ಸುದ್ದಿ ಕೇಳಿ ನಾನು ನಿಜವಾಗಿ ಕುಣಿದಾಡಿದ್ದೆ.

ಆದರೆ ಸುಮ್ನೆ ತಂದು ಬಿಡೋಕೆ ಆಗೋದಿಲ್ಲ ತಮ್ಮ. ಮನುಷ್ಯರ ಕೈಯಲ್ಲಿ ಬೆಳೆದ ಹಕ್ಕಿಗೆ ನರಿ ಅಂದರೆ ಏನು, ನಾಯಿ ಅಂದರೆ ಏನು ಅಂತ ಗೊತ್ತಿರೋದಿಲ್ಲ. ಅದಕ್ಕೆ ತರಬೇತಿ ಕೊಡಬೇಕು. ಬಿಡುವ ಜಾಗದಲ್ಲಿ ತಂತಿ ಇರಬಾರದು, ಬೀದಿ ನಾಯಿ ಹಿಂಡು ಇರಬಾರದು, ಹುಲ್ಲು ಇರಬೇಕು, ಮಿಡತೆ ಇರಬೇಕು, ಮತ್ತೆ ಇದೆಲ್ಲ ಒಂದು ಚೂರು ಜಾಗದಲ್ಲಿ ಇದ್ದರೆ ಸಾಲದು, ಈ ಹಕ್ಕಿ ಋತು ಬದಲಾದ ಹಾಗೆ ಬಹಳ ದೂರ ಅಡ್ಡಾಡುತ್ತದೆ. ಮೊದಲ ಸರದಿ ಥಾರ್‌ನದ್ದೇ. ಅಲ್ಲಿ ಗೆದ್ದರೆ ಮಾತ್ರ ಬೇರೆ ಕಡೆ ಮಾತು.

ಅಲ್ಲಿ ನನಗೆ ತುಂಬ ಹಿಡಿಸಿದ್ದು ಓರಣ್‌ಗಳು. ಓರಣ್ ಅಂದರೆ ದೇವರ ಹೆಸರಿನಲ್ಲಿ ಬಿಟ್ಟ ಊರಿನ ಮೇವಿನ ಜಾಗ. ಅಲ್ಲಿ ಹಸಿ ಗಿಡ ಕಡಿಯೋದಿಲ್ಲ, ಉಳೋದಿಲ್ಲ, ಒಂಟೆ, ಕುರಿ ಮೇಯಿಸುತ್ತಾರೆ. ನೂರಾರು ವರ್ಷದಿಂದ ಹಾಗೇ ಇದೆ. ಎರೆಭೂತ ಉಳಿದಿರೋದರಲ್ಲಿ ಇವುಗಳ ಪಾಲು ದೊಡ್ಡದು. ಜೈಸಲ್ಮೇರ್‌ನ ದೇಗರಾಯ್ ಓರಣ್ ಉಳಿಸೋಕೆ ಊರವರು ಹೋರಾಟ ಮಾಡುತ್ತಿದ್ದಾರೆ, ಯಾಕಂದರೆ ದಾಖಲೆಯಲ್ಲಿ ಎಷ್ಟೋ ಓರಣ್ ಜಾಗ ಬೀಳು ಅಂತಲೇ ಇದೆ, ಸೋಲಾರ್‌ಗೆ, ತಂತಿಗೆ ಹೋಗುತ್ತಿದೆ. ನಮ್ಮ ಗಾಯರಾಣದ ಕಥೆಯೂ ಅದೇ ಅಲ್ವಾ. ಕುರಿ ಮೇಯಿಸುವವರು ಆ ಜಾಗ ಬಿಟ್ಟು ಕೊಡದೆ ಇದ್ದರೆ ಮಾತ್ರ ಅದು ಉಳಿಯುತ್ತದೆ.

ಎರೆಹೊಲದ_ರೈತ

ಅಕ್ಕ ಹೇಳಿದ್ದು ಮನಸ್ಸಿಗೆ ಹತ್ತಿತು. ಆದರೆ ಒಂದು ಭಯ ಇದೆ, ಕೇಳಿಬಿಡುತ್ತೇನೆ. ಹಕ್ಕಿ ಇದೆ ಅಂತ ಗೊತ್ತಾದರೆ ಅರಣ್ಯ ಇಲಾಖೆಯವರು ಬಂದು ವನ್ಯಧಾಮ ಅಂತ ಬೋರ್ಡ್ ಹಾಕಿ ನಮ್ಮ ಹೊಲಕ್ಕೂ ಕಟ್ಟು ಹಾಕುತ್ತಾರಾ? ಸೊಲ್ಲಾಪುರದ ಕಡೆ ನಮ್ಮ ಬೀಗರಿದ್ದಾರೆ. ಮಾಳಢೋಕ ಅಂದರೆ ಅವರ ಊರಲ್ಲಿ ಸಿಟ್ಟು ಬರುತ್ತದೆ. ಜಮೀನು ಮಾರೋಕೆ ಆಗುತ್ತಿರಲಿಲ್ಲ, ಏನೂ ಕಟ್ಟೋಕೆ ಆಗುತ್ತಿರಲಿಲ್ಲ ಅಂತಾರೆ.

ಬಯಲಿನ_ಮೇಷ್ಟ್ರು

ನಿಮ್ಮ ಭಯಕ್ಕೆ ಕಾರಣ ಇದೆ. ಸೊಲ್ಲಾಪುರದ ನಾನ್ನಜ್ ನಮಗೆ ಹತ್ತಿರದ ಪಾಠ. ವಿಜಯಪುರದಿಂದ ನೂರು ಕಿಲೋಮೀಟರ್ ಚಿಲ್ಲರೆ. 1979ರಲ್ಲಿ ಅಲ್ಲಿ ಎರೆಭೂತಕ್ಕೆ ಅಂತ ವನ್ಯಧಾಮ ಮಾಡಿದರು, 8,496 ಚದರ ಕಿಲೋಮೀಟರ್. ಅದರಲ್ಲಿ ಊರು, ಪೇಟೆ, ರೈತರ ಹೊಲ ಎಲ್ಲ ಸೇರಿತ್ತು. ಜನ ಬೇಸತ್ತರು. ಕೊನೆಗೆ 2012ರಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆ ಮೇಲೆ 1,222 ಚದರ ಕಿಲೋಮೀಟರ್‌ಗೆ ಇಳಿಸಿದರು. ಅಷ್ಟರಲ್ಲಿ ಸುತ್ತಲೂ ಕಬ್ಬು, ದ್ರಾಕ್ಷಿ ಬಂದಿತ್ತು, ಹಕ್ಕಿಯೂ ಬಹುತೇಕ ಹೋಗಿತ್ತು. ಈಗ ಅಲ್ಲಿ ಒಂದು ಕಂಡರೆ ಪೇಪರ್‌ನಲ್ಲಿ ಸುದ್ದಿ. ಮಧ್ಯಪ್ರದೇಶದ ಕರೇರಾದಲ್ಲೂ ಹೀಗೇ ಆಗಿ 1990ರ ದಶಕದಲ್ಲಿ ಹಕ್ಕಿ ಪೂರ್ತಿ ಮಾಯವಾಯಿತು. ರೈತರ ಮೇಲೆ ಹೇರಿ ಈ ಹಕ್ಕಿಯನ್ನು ಉಳಿಸೋಕೆ ಆಗೋದಿಲ್ಲ ಅಂತ ನಾನು ಖಂಡಿತ ನಂಬುತ್ತೇನೆ. ರೈತ ಸಿಟ್ಟಾದರೆ ಮೊಟ್ಟೆ ಕಾಯೋರು ಯಾರು?

ಅದಕ್ಕೇ ಊರಿನ ಮಟ್ಟದಲ್ಲೇ ಮಾಡೋದು ಒಳ್ಳೆಯದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು, ಅಂದರೆ ಊರಿನ ಸೀಮೆಯಲ್ಲಿ ಯಾವ ಗಿಡ, ಯಾವ ಹುಲ್ಲು, ಯಾವ ಪ್ರಾಣಿ ಇದೆ, ಮೊದಲು ಏನಿತ್ತು ಅನ್ನೋದು. ಬಹಳ ಕಡೆ ಈ ಸಮಿತಿ ಹೆಸರಿಗೆ ಮಾತ್ರ ಇರುತ್ತದೆ. ನಿಮ್ಮ ಮಂಡಳದ ಹುಡುಗರು ಅದನ್ನು ಹಿಡಿದುಕೊಳ್ಳಿ. ನಿಮ್ಮ ಅಜ್ಜ ಹೇಳಿದ್ದನ್ನು ಅದರಲ್ಲಿ ಬರೆಸಿ. ಕುರಿಯವರ ಹತ್ತಿರ ಕೂತು ಹುಲ್ಲಿನ ಹೆಸರು ಬರೆದುಕೊಳ್ಳಿ, ನಮಗ್ಯಾರಿಗೂ ಅಷ್ಟು ಹುಲ್ಲು ಗೊತ್ತಿಲ್ಲ. ಪಹಣಿಯಲ್ಲಿ ಆ ಜಾಗ ಏನಂತ ಇದೆ ನೋಡಿ, ಗಾಯರಾಣ ಅಂತಲೇ ಇದೆಯಾ, ಎಷ್ಟು ಒತ್ತುವರಿ ಆಗಿದೆ.

ಇನ್ನು ನೆಲದ ಕೆಲಸ ಬೇಕು ಅಂದರೆ ಅದೂ ಇದೆ. ಬಳ್ಳಾರಿ ಜಾಲಿ ಹಬ್ಬಿದ್ದರೆ ಬುಡ ಸಮೇತ ಕೀಳಿ. ಅದು ಹುಲ್ಲನ್ನು ಬೆಳೆಯೋಕೆ ಬಿಡೋದಿಲ್ಲ, ಗುಂಡಿ ತೆಗೆಯೋದಕ್ಕಿಂತ ಹೆಚ್ಚು ಬೆವರು ಬೇಕು ಅದಕ್ಕೆ. ಮಡ್ಡಿಯ ಒಂದು ಭಾಗದಲ್ಲಿ ಮಳೆಗಾಲ ಮುಗಿಯೋ ತನಕ ಮೇಯಿಸೋದು ಬೇಡ ಅಂತ ಕುರಿಯವರ ಜೊತೆಗೇ ಮಾತಾಡಿ, ಮುಂದಿನ ವರ್ಷ ಇನ್ನೊಂದು ಭಾಗ. ಹುಲ್ಲು ಬೀಜ ಕಟ್ಟಿದರೆ ಅವರಿಗೇ ಲಾಭ. ಜೆಸಿಬಿ ತಂದು ಟ್ರೆಂಚ್ ತೆಗೆಸೋಕೆ ಯಾರಾದರೂ ಬಂದರೆ ಮೊದಲು ಗ್ರಾಮಸಭೆಯಲ್ಲಿ ಕೇಳಿ. ಸತ್ತ ದನ, ಕೋಳಿ ಅಂಗಡಿ ಕಸ ಮಡ್ಡಿಯಲ್ಲಿ ಎಸೆಯೋದು ನಿಲ್ಲಿಸಿ, ನಾಯಿ ಹಿಂಡು ಸೇರೋದೇ ಅದರಿಂದ. ಬಾರಿ ಗಿಡ ಇದ್ದ ಹಾಗೇ ಇರಲಿ.

ನೆರಳು_ಬೇಕು

ಮಡ್ಡಿ ಬಿಟ್ಟು ಊರೊಳಗೆ, ರಸ್ತೆ ಬದಿ ಗಿಡ ಹಚ್ಚೋದಾದರೆ ನನ್ನ ವಿರೋಧ ಏನಿಲ್ಲ. ಸಸಿ ಹೇಗೂ ಬರುತ್ತಿವೆ, ವಾಪಸ್ ಕಳಿಸಬೇಡಿ. ಶಾಲೆಯಿಂದ ಬಸ್ ನಿಲ್ದಾಣದ ತನಕ ಎರಡೂ ಬದಿ ಬೇವು ಹಚ್ಚಿ, ಮೊದಲೆರಡು ಬೇಸಿಗೆ ಟ್ಯಾಂಕರ್ ನೀರಿನ ವ್ಯವಸ್ಥೆ ಮಾಡಿಕೊಳ್ಳಿ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಎಳೆ ಬೇರು ಹರಿದು ಹೋಗುತ್ತದೆ, ಬುಡಕ್ಕೆ ಕಸಕಡ್ಡಿ ಮುಚ್ಚಿಗೆ ಹಾಕಿ. ಹ್ಯಾರಿಯರ್ ಹಕ್ಕಿ ನೆಲದ ಮೇಲೆ ಮಲಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಈ ಚಳಿಗಾಲ ನೋಡುತ್ತೇನೆ.

ಡೋಣಿಸಾಲಿನ_ಹುಡುಗ

ಇವತ್ತು ಮಂಡಳದಲ್ಲಿ ಮಾತಾಡಿದೆವು. ಇಬ್ಬರು ಇನ್ನೂ ಒಪ್ಪಿಲ್ಲ, ಉಳಿದವರು ಒಪ್ಪಿದರು. ಸಸಿ ರಸ್ತೆ ಬದಿಗೆ ಮತ್ತು ಕೆರೆ ಏರಿಗೆ. ಮಡ್ಡಿಯಲ್ಲಿ ಪೂರ್ವ ಅಂಚಿಗೆ ಜಾಲಿ ಹಬ್ಬಿದೆ, ಅದನ್ನು ಕೀಳೋದು. ಪಿಡಿಒ ಅವರಿಗೆ ಜೀವವೈವಿಧ್ಯ ಸಮಿತಿ ಬಗ್ಗೆ ಅರ್ಜಿ ಬರೆಯುತ್ತಿದ್ದೇನೆ. ಪಹಣಿ ತೆಗೆಸಬೇಕು.

ಕೊನೆಯದಾಗಿ ಒಂದು. ಅಕಸ್ಮಾತ್ ಯಾರಾದರೂ ಎರೆಭೂತ ನೋಡಿದರೆ ಏನು ಮಾಡಬೇಕು? ಕುರಿಯವರು ಕೇಳಿದರು.

ಜೋಧಪುರದ_ಬೆಳಗಾವಿಯವಳು

ಹತ್ತಿರ ಹೋಗಬೇಡಿ, ಓಡಿಸಬೇಡಿ. ದೂರದಿಂದಲೇ ಒಂದು ಫೋಟೋ ಸಿಕ್ಕರೆ ತೆಗೆಯಿರಿ, ಇಲ್ಲಾಂದ್ರೆ ಬಿಡಿ. ಮೊಟ್ಟೆ ಕಂಡರೆ ಮುಟ್ಟಬೇಡಿ, ಆ ಕಡೆಗೆ ಕುರಿ, ನಾಯಿ ಹೋಗದ ಹಾಗೆ ನೋಡಿಕೊಳ್ಳಿ. ತಾಯಿ ಹೆದರಿ ಎದ್ದು ಹೋದರೆ ಅಷ್ಟರಲ್ಲಿ ಕಾಗೆ ಬಂದುಬಿಡುತ್ತದೆ. ವಲಯ ಅರಣ್ಯ ಅಧಿಕಾರಿಗೆ ಫೋನ್ ಮಾಡಿ ಜಾಗ, ಹೊತ್ತು, ಎಷ್ಟು ಹಕ್ಕಿ ಅಂತ ಹೇಳಿ. ವಾಟ್ಸಾಪ್ ಗುಂಪಿಗೆ, ಫೇಸ್‌ಬುಕ್‌ಗೆ ಜಾಗದ ಹೆಸರು ಹಾಕಬೇಡಿ. ಬೇಟೆಯವರೂ ಅದನ್ನು ಓದುತ್ತಾರೆ, ಕ್ಯಾಮೆರಾ ಹಿಡಿದು ಗಾಡಿ ತಗೊಂಡು ಬರೋರೂ ಓದುತ್ತಾರೆ.

ಎರೆಭೂತಕ್ಕೆ ಮಾತ್ರ ಅಲ್ಲ, ತೋಳದ ಮರಿ ಕಂಡರೂ ಇದೇ ಮಾಡಿ ಅಂತ ಕುರಿಯವರಿಗೆ ಹೇಳಿ. ಅರ್ಜಿ ಬರೆದ ಮೇಲೆ ಒಂದು ಪ್ರತಿಗೆ ಪಂಚಾಯಿತಿಯ ಸೀಲ್ ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.